ಸೋಸಿದ ಪಟ್ಟಿಯನ್ನೇ ಪೂರ್ತಿ ಪಟ್ಟಿ ಎಂದು ಉಳಿಸಿದಾಗ: ಯೂಸರ್ ರೋಲ್‌ಗಳು ಕಾಣೆಯಾದ ಒಂದು ಪ್ರಕರಣ

ಇದು ರೂಬಿ ಆನ್ ರೈಲ್ಸ್ (ವೆಬ್ ಅಪ್ಲಿಕೇಶನ್ ಕಟ್ಟುವ ಫ್ರೇಮ್‌ವರ್ಕ್, ಚಿಕ್ಕದಾಗಿ ರೈಲ್ಸ್) ಬಳಸಿ ಬರೆದ ಒಂದು ಅಪ್ಲಿಕೇಶನ್‌ನ ಪ್ರಕರಣ. ಯಾವ ಸಂಸ್ಥೆ, ಯಾರು ಬರೆದದ್ದು, ಯಾರು ಬಳಸುತ್ತಿದ್ದದ್ದು ಎಂಬ ಗುರುತುಗಳನ್ನೆಲ್ಲ ತೆಗೆದಿದ್ದೇನೆ. ರೋಲ್‌ಗಳ, ಅಂದರೆ ಯಾರು ಏನು ಮಾಡಬಹುದು ಎಂದು ಹೇಳುವ ಪಾತ್ರಗಳ, ಹೆಸರನ್ನೂ ಬದಲಿಸಿದ್ದೇನೆ. ಕೋಡ್ ನಡೆದುಕೊಂಡ ರೀತಿಯನ್ನು ಮಾತ್ರ ಇದ್ದ ಹಾಗೆಯೇ ಇಟ್ಟಿದ್ದೇನೆ. ರೈಲ್ಸ್ ಬಳಸದವರಿಗೂ ಇದು ಉಪಯೋಗಕ್ಕೆ ಬರಬಹುದು. ಒಬ್ಬ ಯೂಸರ್‌ಗೆ ಹಲವು ರೋಲ್ ಇರುವ ಕಡೆಯಲ್ಲೆಲ್ಲ ಇಂಥ ಪ್ರಶ್ನೆ ಎದ್ದೇ ಏಳುತ್ತದೆ.

ಹಿನ್ನೆಲೆ

ಲೇಖನ ಬರೆದು, ತಿದ್ದಿ, ಒಪ್ಪಿಗೆ ಪಡೆದು ಪ್ರಕಟಿಸಲು ಒಂದು ಸಂಸ್ಥೆ ತನ್ನೊಳಗೇ ಬಳಸುತ್ತಿದ್ದ ಸಾಫ್ಟ್‌ವೇರ್ ಅದು. ಈ ಕತೆಗೆ ಬೇಕಾದದ್ದು ಮೂರು ಟೇಬಲ್. ಒಂದರಲ್ಲಿ ಯೂಸರ್‌ಗಳು, ಇನ್ನೊಂದರಲ್ಲಿ ರೋಲ್‌ಗಳು, ನಡುವೆ ಯಾರಿಗೆ ಯಾವ ರೋಲ್ ಎಂದು ಹೇಳುವ ಅಸೈನ್‌ಮೆಂಟ್ ಟೇಬಲ್. ರೋಲನ್ನು ಯಾರು ಕೊಟ್ಟರು, ಯಾವಾಗ ಕೊಟ್ಟರು ಎಂಬ ಕಾಲಂಗಳೂ ನಡುವಿನ ಟೇಬಲ್‌ನಲ್ಲಿ ಬೇಕಿದ್ದವು. ಹಾಗಾಗಿ ಅದಕ್ಕೆ ತನ್ನದೇ ಮಾಡೆಲ್ (ಕೋಡ್‌ನಲ್ಲಿ ಒಂದು ಟೇಬಲನ್ನು ಪ್ರತಿನಿಧಿಸುವ ಭಾಗ) ಕೊಟ್ಟು, ಹ್ಯಾಸ್ ಮೆನಿ ಥ್ರೂ (ನಡುವಿನ ಟೇಬಲ್ ಮೂಲಕ ಎರಡನ್ನು ಜೋಡಿಸುವ ರೈಲ್ಸ್ ಸಂಬಂಧ) ಬಳಸಿ ಯೂಸರನ್ನು ರೋಲ್‌ಗಳಿಗೆ ಜೋಡಿಸಿದ್ದರು. ಒಳ್ಳೆಯ ತೀರ್ಮಾನವೇ.

ರೋಲ್‌ಗಳು ರೈಟರ್, ಎಡಿಟರ್, ರಿವ್ಯೂವರ್, ಪಬ್ಲಿಷರ್, ಅಡ್ಮಿನ್. ಇವುಗಳ ಸಾಲಿನಲ್ಲೇ ಸಸ್ಪೆಂಡೆಡ್ ಎಂಬ ಇನ್ನೊಂದು ರೋಲ್ ಇತ್ತು. ಯಾರನ್ನಾದರೂ ತಾತ್ಕಾಲಿಕವಾಗಿ ಹೊರಗಿಡಬೇಕಾದರೆ ಅವರ ಉಳಿದ ರೋಲ್‌ಗಳನ್ನು ಮುಟ್ಟದೆ ಇದನ್ನು ಸೇರಿಸುತ್ತಿದ್ದರು. ಇದು ನೆನಪಿರಲಿ, ಮುಂದೆ ಬರುತ್ತದೆ.

ಅಡ್ಮಿನ್‌ಗಳಿಗೆ ಯೂಸರ್‌ಗಳ ಪಟ್ಟಿಯ ಪುಟವೊಂದಿತ್ತು. ಪುಟಕ್ಕೆ 25 ಸಾಲು. ಮೇಲೆ ರೋಲ್ ಆರಿಸುವ ಫಿಲ್ಟರ್. ಪ್ರತಿ ಸಾಲಿನಲ್ಲೂ ಮಡಚಿಟ್ಟ ಒಂದು ಮೆನು. ಅದನ್ನು ಬಿಚ್ಚಿದರೆ ಆ ಯೂಸರ್‌ನ ರೋಲ್‌ಗಳ ಚೆಕ್‌ಬಾಕ್ಸ್‌ಗಳು. ಪುಟದ ಕೊನೆಯಲ್ಲಿ ಒಂದೇ ಒಂದು 'ಉಳಿಸು' ಬಟನ್. ಒಬ್ಬರನ್ನು ಬದಲಿಸಿ ಬಟನ್ ಒತ್ತಿದರೂ ಪುಟದಲ್ಲಿರುವ ಎಲ್ಲ 25 ಜನರ ಟಿಕ್‌ಗಳೂ ಸರ್ವರ್‌ಗೆ ಹೋಗುತ್ತಿದ್ದವು.

ದೂರುಗಳು

ಮೊದಲು ಬಂದದ್ದು ಒಬ್ಬ ರಿವ್ಯೂವರ್‌ನ ದೂರು. ನಿನ್ನೆವರೆಗೆ ಕಾಣುತ್ತಿದ್ದ 'ಒಪ್ಪಿಗೆ' ಬಟನ್ ಇವತ್ತು ಇಲ್ಲ. ಅಡ್ಮಿನ್ ನೋಡಿದರೆ ಆ ಯೂಸರ್‌ಗೆ ಎಡಿಟರ್ ರೋಲ್ ಮಾತ್ರ ಇದೆ, ರಿವ್ಯೂವರ್ ಹೋಗಿದೆ. ಮತ್ತೆ ಕೊಟ್ಟರು, ಸರಿಹೋಯಿತು. ಯಾರೋ ಕೈತಪ್ಪಿ ತೆಗೆದಿರಬೇಕು ಅಂತ ಅಲ್ಲಿಗೇ ಬಿಟ್ಟರು. ಆಮೇಲೆ ಇನ್ನೊಂದು ದೂರು, ಮತ್ತೊಂದು. ಕೆಲವರದ್ದು ಪಬ್ಲಿಷರ್ ರೋಲ್ ಹೋಗಿತ್ತು, ಇನ್ನು ಕೆಲವರದ್ದು ರಿವ್ಯೂವರ್. ಒಂದೇ ಒಂದು ರೋಲ್ ಇದ್ದವರು ಯಾರೂ ದೂರಲಿಲ್ಲ. ಆ ಸುಳಿವು ಆಗ ಯಾರ ಕಣ್ಣಿಗೂ ಬೀಳಲಿಲ್ಲ.

ಅಡ್ಮಿನ್‌ಗಳ ಉತ್ತರ ಒಂದೇ: "ನಾವು ಅವರನ್ನ ಮುಟ್ಟೇ ಇಲ್ಲ." ಅವರ ಮಟ್ಟಿಗೆ ಅದು ಸತ್ಯವೇ. ಆದರೆ ಡೆವಲಪರ್‌ಗಳು ಇದನ್ನು ಅಷ್ಟಾಗಿ ನಂಬಲಿಲ್ಲ. ಡೇಟಾ ತಾನಾಗಿ ಅಳಿಯುವುದಿಲ್ಲ ಅಲ್ವಾ?

ದಾರಿ ತಪ್ಪಿಸಿದ ಲಾಗ್

ಮೊದಲು ನೋಡಿದ್ದು ಆಡಿಟ್ ಲಾಗ್. ಅಸೈನ್‌ಮೆಂಟ್ ಮಾಡೆಲ್‌ನಲ್ಲಿ ಎರಡು ಕಾಲ್‌ಬ್ಯಾಕ್ (ಏನಾದರೂ ನಡೆದಾಗ ತಾನಾಗಿ ಓಡುವ ಕೋಡ್) ಇದ್ದವು. ಹೊಸ ಸಾಲು ಹುಟ್ಟಿದಾಗ 'ರೋಲ್ ಕೊಟ್ಟಿದೆ' ಎಂದು ಬರೆಯಲು ಒಂದು, ಸಾಲು ಅಳಿದಾಗ 'ರೋಲ್ ತೆಗೆದಿದೆ' ಎಂದು ಬರೆಯಲು ಇನ್ನೊಂದು. ಕಾಣೆಯಾದ ರೋಲ್‌ಗಳ ವಿಷಯದಲ್ಲಿ ಲಾಗ್‌ನಲ್ಲಿ ಏನೂ ಇರಲಿಲ್ಲ. ಕೊಟ್ಟದ್ದಿದೆ, ತೆಗೆದದ್ದಿಲ್ಲ.

ಇದರಿಂದ ತಂಡ ತೀರ್ಮಾನಿಸಿದ್ದು: ಅಪ್ಲಿಕೇಶನ್ ಮೂಲಕ ಯಾರೂ ತೆಗೆದಿಲ್ಲ, ಹೊರಗಿನಿಂದ ಏನೋ ಆಗುತ್ತಿದೆ. ರಾತ್ರಿ ಓಡುವ ಸಿಂಕ್ ಕೆಲಸದ ಮೇಲೆ ಅನುಮಾನ ಹೋಯಿತು. ಅದನ್ನು ನಿಲ್ಲಿಸಿದರು. ದೂರು ನಿಲ್ಲಲಿಲ್ಲ. ಆಮೇಲೆ ಸೆಷನ್‌ನಲ್ಲಿ ಕ್ಯಾಶ್ ಆದ (ಬೇಗ ಸಿಗಲೆಂದು ನಕಲು ಮಾಡಿಟ್ಟ) ರೋಲ್‌ಗಳ ಮೇಲೆ ಅನುಮಾನ. ಕ್ಯಾಶ್ ಖಾಲಿ ಮಾಡಿದರು. ಏನೂ ಬದಲಾಗಲಿಲ್ಲ, ಆಗುವಂತೆಯೂ ಇರಲಿಲ್ಲ. ಡೇಟಾಬೇಸ್‌ನಲ್ಲೇ ಸಾಲು ಇಲ್ಲದಿರುವಾಗ ಕ್ಯಾಶ್ ತೊಳೆದು ಏನು ಪ್ರಯೋಜನ?

ಗಂಟು ಬಿಡಿಸಿದ್ದು ಟೆಸ್ಟಿಂಗ್‌ಗೆ ಹೊಸದಾಗಿ ಸೇರಿದ ಹುಡುಗಿಯ ಒಂದು ಪ್ರಶ್ನೆ. ಲಾಗ್ ಟೇಬಲನ್ನು ಪೂರ್ತಿ ಹುಡುಕಿ ಅವಳು ಕೇಳಿದಳು: "ಸರ್, ರೋಲ್ ತೆಗೆದಿದೆ ಅಂತ ಶುರುವಿನಿಂದ ಒಂದೇ ಒಂದು ಸಾಲೂ ಇಲ್ವಲ್ಲ. ಇಷ್ಟು ದಿನದಲ್ಲಿ ಯಾರೂ ಯಾರ ರೋಲನ್ನೂ ತೆಗೆದೇ ಇಲ್ವಾ?"

ತೆಗೆದಿದ್ದರು, ಬೇಕಾದಷ್ಟು ಸಲ. ಲಾಗ್ ಬರೆಯುತ್ತಿರಲಿಲ್ಲ, ಅಷ್ಟೆ. ಹ್ಯಾಸ್ ಮೆನಿ ಥ್ರೂ ಸಂಬಂಧದಲ್ಲಿ ರೋಲ್‌ಗಳ ಪಟ್ಟಿಯನ್ನು ಬದಲಿಸಿದಾಗ, ಹೊಸದಾಗಿ ಸೇರುವ ನಡುವಿನ ಸಾಲುಗಳಿಗೆ ರೈಲ್ಸ್ ಕಾಲ್‌ಬ್ಯಾಕ್ ಓಡಿಸುತ್ತದೆ. ಬಿಟ್ಟುಹೋದ ಸಾಲುಗಳನ್ನು ಮಾತ್ರ ನೇರವಾಗಿ ಒಂದು ಡಿಲೀಟ್ ಕ್ವೆರಿಯಲ್ಲಿ (ಕ್ವೆರಿ ಎಂದರೆ ಡೇಟಾಬೇಸ್‌ಗೆ ಕೊಡುವ ಆದೇಶ) ಅಳಿಸುತ್ತದೆ. ಅಳಿಸುವಾಗಿನ ಕಾಲ್‌ಬ್ಯಾಕ್ ಓಡುವುದಿಲ್ಲ. ಇದು ರೈಲ್ಸ್‌ನ ದೋಷವಲ್ಲ, ದಾಖಲೆಯಲ್ಲೇ ಬರೆದಿರುವ ನಡವಳಿಕೆ. ಅಳಿಸುವಾಗಲೂ ಕಾಲ್‌ಬ್ಯಾಕ್ ಬೇಕಿದ್ದರೆ ಆ ಸಂಬಂಧಕ್ಕೆ ಡಿಪೆಂಡೆಂಟ್ ಡಿಸ್ಟ್ರಾಯ್ ಎಂದು ಹೇಳಬೇಕು.

ನನಗೆ ಈ ಪ್ರಕರಣದಲ್ಲಿ ಬಹಳ ಹಿಡಿಸಿದ ಜಾಗ ಇದು. ಲಾಗ್‌ನಲ್ಲಿ ಇಲ್ಲ ಎಂದರೆ ನಡೆದಿಲ್ಲ ಎಂದು ಎಲ್ಲರೂ ಓದಿದರು. ಅರ್ಧ ಕೆಲಸ ಮಾಡುವ ಲಾಗ್ ಇಲ್ಲದೇ ಹೋಗಿದ್ದರೆ ಬೇಗ ದಾರಿ ಸಿಗುತ್ತಿತ್ತೋ ಏನೋ. ಆಗ ಸಿಂಕ್ ಕೆಲಸದ ಹಿಂದೆ ಓಡುವ ಬದಲು ಅಪ್ಲಿಕೇಶನ್ನನ್ನೇ ಮೊದಲು ನೋಡುತ್ತಿದ್ದರು.

ಫಿಲ್ಟರ್ ಹಾಕಿದ ಪುಟ

ಅಪ್ಲಿಕೇಶನ್ನೇ ಅಳಿಸುತ್ತಿದೆ ಎಂದು ಗೊತ್ತಾದ ಮೇಲೆ ಉಳಿದದ್ದು ಎಲ್ಲಿ ಎಂಬ ಪ್ರಶ್ನೆ. ಸರ್ವರ್‌ನ ರಿಕ್ವೆಸ್ಟ್ ಲಾಗ್‌ನಲ್ಲಿ ಪ್ರತಿ ಸಲ ಉಳಿಸಿದಾಗ ಬಂದ ರೋಲ್ ಐಡಿಗಳು ದಾಖಲಾಗಿದ್ದವು. ದೂರು ಕೊಟ್ಟವರ ಹೆಸರಿಗೆ ಹೊಂದುವ ರಿಕ್ವೆಸ್ಟ್‌ಗಳನ್ನು ತೆಗೆದು ನೋಡಿದಾಗ ಒಂದು ಸಂಗತಿ ಎದ್ದು ಕಂಡಿತು. ರೋಲ್ ಹೋದದ್ದೆಲ್ಲ ಫಿಲ್ಟರ್ ಹಾಕಿದ ಪುಟದಿಂದ ಉಳಿಸಿದಾಗ. ಫಿಲ್ಟರ್‌ನಲ್ಲಿ ಎಡಿಟರ್ ಆರಿಸಿದ್ದರೆ ಆ ಪುಟದಲ್ಲಿದ್ದವರಿಗೆಲ್ಲ ಎಡಿಟರ್ ಮಾತ್ರ ಉಳಿದಿತ್ತು.

ಪಟ್ಟಿಯ ಕ್ವೆರಿ ಹೀಗಿತ್ತು: ಯೂಸರ್ ಮಾಡೆಲ್‌ನ ಮೇಲೆ ಇನ್‌ಕ್ಲೂಡ್ಸ್ ಹಾಕಿ ರೋಲ್‌ಗಳನ್ನು ಜೊತೆಗೇ ಲೋಡ್ ಮಾಡು, ಆಮೇಲೆ ವೇರ್ ಹಾಕಿ ರೋಲ್‌ನ ಹೆಸರು ಎಡಿಟರ್ ಆಗಿರುವವರನ್ನು ಆರಿಸು. ಓದಲು ಎಷ್ಟು ಸಹಜವಾಗಿದೆ ನೋಡಿ. ಎಡಿಟರ್‌ಗಳನ್ನು ಕೊಡು, ಜೊತೆಗೆ ಅವರ ರೋಲ್‌ಗಳನ್ನೂ ತಂದಿಡು ಎಂದೇ ನಾವು ಓದುತ್ತೇವೆ.

ರೈಲ್ಸ್ ಓದುವುದು ಬೇರೆ. ಇನ್‌ಕ್ಲೂಡ್ಸ್ ಒಂದನ್ನೇ ಕೊಟ್ಟರೆ ಯೂಸರ್‌ಗಳನ್ನು ಮೊದಲು ತಂದು, ಆಮೇಲೆ ಬೇರೆ ಕ್ವೆರಿಗಳಲ್ಲಿ ಅವರ ರೋಲ್‌ಗಳನ್ನು ತರುತ್ತದೆ. ಆದರೆ ವೇರ್‌ನಲ್ಲಿ ರೋಲ್ ಟೇಬಲ್‌ನ ಪ್ರಸ್ತಾಪ ಬಂದ ಕೂಡಲೇ ಅದು ದಾರಿ ಬದಲಿಸುತ್ತದೆ. ಮೂರೂ ಟೇಬಲನ್ನು ಲೆಫ್ಟ್ ಔಟರ್ ಜಾಯಿನ್‌ನಲ್ಲಿ (ಜೋಡಿ ಸಿಗದ ಯೂಸರನ್ನೂ ಬಿಡದೆ ಸಾಲುಗಳನ್ನು ಹೊಂದಿಸುವ ರೀತಿ) ಸೇರಿಸಿ, ಯೂಸರ್ ಮತ್ತು ರೋಲ್ ಎರಡನ್ನೂ ಒಂದೇ ಕ್ವೆರಿಯ ಫಲಿತಾಂಶದಿಂದ ಕಟ್ಟುತ್ತದೆ. ಒಬ್ಬರಿಗೆ ಎಡಿಟರ್, ರಿವ್ಯೂವರ್, ಪಬ್ಲಿಷರ್ ಮೂರೂ ಇದ್ದರೆ ಜಾಯಿನ್ ಆದಾಗ ಮೂರು ಸಾಲು. ವೇರ್ ಅದರಲ್ಲಿ ಎರಡನ್ನು ಎಸೆಯುತ್ತದೆ. ಉಳಿದ ಒಂದು ಸಾಲಿನಿಂದ ಯೂಸರ್ ಆಬ್ಜೆಕ್ಟ್ (ಮೆಮೊರಿಯಲ್ಲಿರುವ ಆ ಯೂಸರ್‌ನ ಪ್ರತಿ) ಹುಟ್ಟುತ್ತದೆ. ಅದರ ರೋಲ್‌ಗಳ ಸಂಬಂಧ 'ಲೋಡ್ ಆಗಿದೆ' ಎಂಬ ಗುರುತು ಹೊತ್ತುಕೊಂಡೇ ಬರುತ್ತದೆ. ಇನ್ನು ಆ ಆಬ್ಜೆಕ್ಟನ್ನು ನಿನ್ನ ರೋಲ್‌ಗಳೇನು ಎಂದು ಕೇಳಿದರೆ ಎಡಿಟರ್ ಒಂದೇ ಎನ್ನುತ್ತದೆ. ಮತ್ತೆ ಡೇಟಾಬೇಸ್ ಹತ್ತಿರ ಹೋಗುವುದೇ ಇಲ್ಲ.

ಯಾವ ಯೂಸರ್‌ಗಳು ಬೇಕು ಎನ್ನುವುದು ಒಂದು ಪ್ರಶ್ನೆ. ಆ ಯೂಸರ್‌ಗಳ ಯಾವ ರೋಲ್‌ಗಳನ್ನು ಲೋಡ್ ಮಾಡಬೇಕು ಎನ್ನುವುದು ಇನ್ನೊಂದು. ಬರೆದವರು ಮೊದಲನೆಯದನ್ನು ಕೇಳಿದರು. ಫ್ರೇಮ್‌ವರ್ಕ್ ಒಂದೇ ಷರತ್ತಿನಿಂದ ಎರಡಕ್ಕೂ ಉತ್ತರ ಕೊಟ್ಟಿತು.

ಹೀಗೆ ಸೋಸಿದ ರೋಲ್‌ಗಳಿಂದ ಚೆಕ್‌ಬಾಕ್ಸ್‌ಗಳು ತಯಾರಾದವು. ಎಡಿಟರ್‌ಗೆ ಟಿಕ್, ಉಳಿದವು ಖಾಲಿ. ಮೆನು ಮಡಚಿಟ್ಟಿದ್ದರಿಂದ ಅಡ್ಮಿನ್ ಕಣ್ಣಿಗೆ ಬೀಳಲಿಲ್ಲ. ಒಬ್ಬರಿಗೆ ಏನೋ ಬದಲಿಸಿ ಉಳಿಸಿದರು. ಸರ್ವರ್ ಪುಟದ ಎಲ್ಲರನ್ನೂ ಹೊಸದಾಗಿ ಡೇಟಾಬೇಸ್‌ನಿಂದ ತಂದು, ಬಂದ ಐಡಿಗಳ ಪಟ್ಟಿಯನ್ನೇ ಅವರ ಪೂರ್ತಿ ರೋಲ್ ಪಟ್ಟಿ ಎಂದು ಕೂರಿಸಿತು. ಪಟ್ಟಿಯಲ್ಲಿ ಇಲ್ಲದ್ದು ಅಳಿಯಿತು, ಸದ್ದಿಲ್ಲದೆ.

ಇಲ್ಲಿ ಒಂದು ತಮಾಷೆಯೂ ನಡೆದಿತ್ತು. ಹಿರಿಯ ಡೆವಲಪರ್ ಒಬ್ಬರಿಗೆ ಈ ಕ್ವೆರಿಯ ಮೇಲೆ ಮೊದಲೇ ಅನುಮಾನ ಬಂದು ಕನ್ಸೋಲ್‌ನಲ್ಲಿ ಪರೀಕ್ಷಿಸಿದ್ದರು. ಸೋಸಿದ ಕ್ವೆರಿಯಿಂದ ಒಬ್ಬ ಯೂಸರನ್ನು ತಂದು, ಅವರ ರೋಲ್ ಐಡಿಗಳನ್ನು ಓದಿ, ಅದೇ ಆಬ್ಜೆಕ್ಟಿಗೆ ಮತ್ತೆ ಕೂರಿಸಿದರು. ಏನೂ ಅಳಿಯಲಿಲ್ಲ. ಕ್ವೆರಿಯದ್ದು ತಪ್ಪಿಲ್ಲ ಎಂದು ಬಿಟ್ಟರು. ಅಳಿಯದೇ ಇರಲು ಕಾರಣವಿದೆ. ಆ ಆಬ್ಜೆಕ್ಟಿನ ಲೆಕ್ಕದಲ್ಲಿ ಇದ್ದದ್ದೇ ಒಂದು ರೋಲ್, ಹೊಸ ಪಟ್ಟಿಯಲ್ಲೂ ಅದೇ ಒಂದು. ಹೋಲಿಸಿದರೆ ವ್ಯತ್ಯಾಸವಿಲ್ಲ. ನಿಜವಾದ ಪುಟದಲ್ಲಿ ಮಾತ್ರ ತೋರಿಸುವ ಆಬ್ಜೆಕ್ಟ್ ಬೇರೆ, ಉಳಿಸುವ ಆಬ್ಜೆಕ್ಟ್ ಬೇರೆ. ತೋರಿಸಿದ್ದು ಸೋಸಿದ ಪಟ್ಟಿ, ಹೋಲಿಸಿದ್ದು ಪೂರ್ತಿ ಪಟ್ಟಿಯ ಜೊತೆ.

ಇದು ಬಂದದ್ದೆಲ್ಲಿಂದ

ಕೋಡ್‌ನ ಇತಿಹಾಸ ನೋಡಿದರೆ ಮೂಲದಲ್ಲಿ ಈ ಕ್ವೆರಿ ಸರಿಯಾಗೇ ಇತ್ತು. ಜಾಯಿನ್ಸ್ ಬಳಸಿ ಎಡಿಟರ್‌ಗಳನ್ನು ಹುಡುಕಿ, ಪ್ರತಿ ಸಾಲಿನಲ್ಲಿ ರೋಲ್‌ಗಳನ್ನು ಬೇಕಾದಾಗ ಬೇರೆಯಾಗಿ ತರುತ್ತಿತ್ತು. ಜಾಯಿನ್ಸ್ ಸಂಬಂಧವನ್ನು ಲೋಡ್ ಮಾಡುವುದಿಲ್ಲ, ಹಾಗಾಗಿ ಪ್ರತಿಯೊಬ್ಬರಿಗೂ ಪೂರ್ತಿ ರೋಲ್‌ಗಳೇ ಬರುತ್ತಿದ್ದವು. ಆದರೆ 25 ಸಾಲಿನ ಪುಟಕ್ಕೆ ಪಟ್ಟಿಯದ್ದೊಂದು, ಸಾಲಿಗೊಂದರಂತೆ 25, ಒಟ್ಟು 26 ಕ್ವೆರಿ. ಎಲ್ಲರಿಗೂ ಗೊತ್ತಿರುವ ಎನ್ ಪ್ಲಸ್ ಒನ್ ತೊಂದರೆ. ಪುಟ ನಿಧಾನ ಎಂಬ ದೂರು ಬಂದಾಗ ಯಾರೋ ಜಾಯಿನ್ಸ್ ತೆಗೆದು ಇನ್‌ಕ್ಲೂಡ್ಸ್ ಹಾಕಿದರು. ಬದಲಾದದ್ದು ಒಂದೇ ಪದ. ಪುಟ ವೇಗವಾಯಿತು. ಕೋಡ್ ರಿವ್ಯೂನಲ್ಲಿ ಎಲ್ಲರೂ ಖುಷಿಯಿಂದ ಒಪ್ಪಿದರು.

ಟೆಸ್ಟ್‌ಗಳೂ ಪಾಸಾದವು. ಯಾಕೆ ಅಂದರೆ ಟೆಸ್ಟ್‌ನಲ್ಲಿ ಸೃಷ್ಟಿಸಿದ ಪ್ರತಿ ಯೂಸರ್‌ಗೂ ಒಂದೇ ರೋಲ್. ಎಡಿಟರ್ ಒಬ್ಬ, ರಿವ್ಯೂವರ್ ಒಬ್ಬ, ಅಡ್ಮಿನ್ ಒಬ್ಬ. ಹಲವು ರೋಲ್‌ಗಳ ಸಂಬಂಧವನ್ನು ಒಂದೇ ರೋಲ್ ಇರುವವರಿಂದ ಪರೀಕ್ಷಿಸಿದರೆ ಸೋಸುವುದಕ್ಕೆ ಏನೂ ಸಿಗುವುದಿಲ್ಲ. ಎನ್ ಪ್ಲಸ್ ಒನ್ ಹುಡುಕಲು ಹಾಕಿದ್ದ ಬುಲೆಟ್ ಎಂಬ ಜೆಮ್ (ರೂಬಿ ಲೈಬ್ರರಿ) ಕೂಡ ತೆಪ್ಪಗಿತ್ತು. ಅದು ನೋಡುವುದು ಕ್ವೆರಿ ಜಾಸ್ತಿಯಾಯಿತಾ ಎಂದು, ಬಂದ ಉತ್ತರ ಪೂರ್ತಿಯಾ ಎಂದಲ್ಲ. ರೈಲ್ಸ್ 6.1ರಲ್ಲಿ ಬಂದ ಸ್ಟ್ರಿಕ್ಟ್ ಲೋಡಿಂಗ್ ಕೂಡ ಇಲ್ಲಿ ಕೈಹಿಡಿಯುತ್ತಿರಲಿಲ್ಲ. ಲೋಡ್ ಮಾಡದ ಸಂಬಂಧವನ್ನು ಮುಟ್ಟಿದರೆ ಅದು ಕೂಗುತ್ತದೆ. ಇಲ್ಲಿ ಸಂಬಂಧ ಲೋಡ್ ಆಗಿಯೇ ಇತ್ತಲ್ಲ!

ದೂರು ಕೊಡದವರು

ಕಾರಣ ಗೊತ್ತಾದ ಕೂಡಲೇ ಕ್ವೆರಿ ಸರಿಮಾಡಿ ಡಿಪ್ಲಾಯ್ ಮಾಡುವ ಉತ್ಸಾಹ ಎಲ್ಲರಿಗೂ ಬಂತು. ಹಿರಿಯ ಡೆವಲಪರ್ ತಡೆದರು. ಮೊದಲು ಆ ಪುಟದಿಂದ ರೋಲ್ ಉಳಿಸುವುದನ್ನೇ ನಿಲ್ಲಿಸಿ ಎಂದರು. ಬಟನ್ ತೆಗೆಸಿದರು. ಪಟ್ಟಿ ನೋಡಬಹುದು, ಬದಲಿಸುವಂತಿಲ್ಲ. ಬೇಕಿದ್ದರೆ ಒಬ್ಬೊಬ್ಬರ ಪುಟಕ್ಕೆ ಹೋಗಿ ಬದಲಿಸಿ. ಅಡ್ಮಿನ್‌ಗಳು ಗೊಣಗಿದರು. ಆದರೆ ಡೇಟಾ ಅಳಿಯುವುದು ಅಲ್ಲಿಗೆ ನಿಂತಿತು, ಯೋಚಿಸಲು ಸಮಯ ಸಿಕ್ಕಿತು.

ಆ ಸಮಯದಲ್ಲೇ ಮೀಟಿಂಗ್‌ನಲ್ಲಿ ಒಂದು ಮಾತು ಬಂತು. ದೂರು ಕೊಟ್ಟವರೆಲ್ಲ ಏನನ್ನೋ ಕಳೆದುಕೊಂಡವರು. ಏನನ್ನೋ ಪಡೆದವರಿದ್ದರೆ? ಅವರು ಯಾಕೆ ದೂರುತ್ತಾರೆ?

ಸಸ್ಪೆಂಡೆಡ್ ಕೂಡ ರೋಲ್‌ಗಳ ಸಾಲಿನಲ್ಲೇ ಇತ್ತು ಎಂದೆನಲ್ಲ. ಸಸ್ಪೆಂಡ್ ಆದ ಎಡಿಟರ್ ಒಬ್ಬರು ಸೋಸಿದ ಪುಟದಲ್ಲಿ ಬಂದಿದ್ದರೆ ಅವರಿಗೂ ಎಡಿಟರ್ ಮಾತ್ರ ಉಳಿಯುತ್ತದೆ. ಅಂದರೆ ಸಸ್ಪೆಂಡೆಡ್ ಅಳಿದುಹೋಗಿ ಖಾತೆ ಮತ್ತೆ ತೆರೆಯುತ್ತದೆ. ಹುಡುಕಿದರು. ಅಂಥ ಖಾತೆಗಳು ಇದ್ದವು. ಯಾರೂ ಅದನ್ನು ದುರುಪಯೋಗ ಮಾಡಿಕೊಂಡ ಕುರುಹು ಸಿಗಲಿಲ್ಲ. ಆದರೂ ಅಲ್ಲಿಯವರೆಗೆ ಸಣ್ಣ ಕಿರಿಕಿರಿ ಎನಿಸಿದ್ದ ವಿಷಯ ಭದ್ರತೆಯ ವಿಷಯವಾಯಿತು, ಮೇಲಿನವರಿಗೂ ತಿಳಿಸಬೇಕಾಯಿತು.

ಡೇಟಾ ವಾಪಸ್ ತರುವುದು ಅಷ್ಟು ಸುಲಭವಿರಲಿಲ್ಲ. ಹಳೆಯ ಬ್ಯಾಕಪ್‌ನಿಂದ ಅಸೈನ್‌ಮೆಂಟ್ ಟೇಬಲನ್ನು ಪೂರ್ತಿ ಹಿಂದಕ್ಕೆ ತಂದರೆ, ನಡುವೆ ಅಡ್ಮಿನ್‌ಗಳು ಬೇಕೆಂದೇ ತೆಗೆದ ರೋಲ್‌ಗಳೂ ಮರಳಿಬಿಡುತ್ತವೆ. ಹಾಗಾಗಿ ಬ್ಯಾಕಪ್‌ನಲ್ಲಿದ್ದು ಈಗ ಇಲ್ಲದ ಸಾಲುಗಳನ್ನು ಪಟ್ಟಿ ಮಾಡಿ, ಪ್ರತಿಯೊಂದನ್ನೂ ರಿಕ್ವೆಸ್ಟ್ ಲಾಗ್ ಜೊತೆ ಹೋಲಿಸಿದರು. ಫಿಲ್ಟರ್ ಹಾಕಿದ ಪುಟದಿಂದ ಬಂದು, ಉಳಿದ ರೋಲ್ ಆ ಫಿಲ್ಟರ್‌ನ ರೋಲ್ ಒಂದೇ ಆಗಿದ್ದರೆ ಅದು ಅನುಮಾನದ ಸಾಲು. ಅಂಥವನ್ನು ಅಡ್ಮಿನ್‌ಗಳ ಮುಂದಿಟ್ಟು ಹೌದು, ಇಲ್ಲ ಎಂದು ಕೇಳಿ ಮರಳಿಸಿದರು. ಸಸ್ಪೆಂಡೆಡ್ ಸಾಲುಗಳನ್ನು ಮಾತ್ರ ಯಾರನ್ನೂ ಕೇಳದೆ ಮೊದಲು ಮರಳಿಸಿ, ಆಮೇಲೆ ಪರಿಶೀಲಿಸಿದರು. ತಪ್ಪಾದರೆ ಒಬ್ಬರಿಗೆ ಸ್ವಲ್ಪ ಹೊತ್ತು ತೊಂದರೆ. ಬಿಟ್ಟರೆ ಅದಕ್ಕಿಂತ ದೊಡ್ಡ ತೊಂದರೆ. ಈ ಕ್ರಮ ನನಗೆ ಸರಿ ಎನಿಸಿತು.

ಕ್ವೆರಿ ತಿದ್ದಿದ್ದು ಹೇಗೆ

ಮೊದಲ ಪ್ರಯತ್ನ: ಇನ್‌ಕ್ಲೂಡ್ಸ್ ಜೊತೆಗೇ ಜಾಯಿನ್ಸ್ ಕೂಡ ಹಾಕುವುದು. ಹುಡುಕುವುದಕ್ಕೆ ಜಾಯಿನ್ಸ್, ಲೋಡ್ ಮಾಡುವುದಕ್ಕೆ ಇನ್‌ಕ್ಲೂಡ್ಸ್ ಎಂಬ ಲೆಕ್ಕ. ಆದರೆ ಒಂದೇ ಸಂಬಂಧ ಎರಡರಲ್ಲೂ ಇದ್ದರೆ ರೈಲ್ಸ್ ಮತ್ತೆ ಒಂದೇ ಕ್ವೆರಿಯಿಂದಲೇ ಎಲ್ಲವನ್ನೂ ಕಟ್ಟುತ್ತದೆ. ಸೋಸುವುದು ನಿಲ್ಲಲಿಲ್ಲ.

ಎರಡನೆಯದು: ಜಾಯಿನ್ಸ್ ಜೊತೆ ಪ್ರೀಲೋಡ್. ಪ್ರೀಲೋಡ್ ಯಾವತ್ತೂ ಬೇರೆ ಕ್ವೆರಿಯಲ್ಲೇ ತರುತ್ತದೆ, ಆದ್ದರಿಂದ ರೋಲ್‌ಗಳು ಪೂರ್ತಿ ಬಂದವು. ಫಿಲ್ಟರ್‌ನಲ್ಲಿ ಒಂದೇ ರೋಲ್ ಆರಿಸಿದಾಗ ಎಲ್ಲ ಸರಿ. ಎಡಿಟರ್ ಅಥವಾ ರಿವ್ಯೂವರ್ ಎಂದು ಎರಡು ಆರಿಸಿದಾಗ, ಎರಡೂ ಇರುವವರು ಪಟ್ಟಿಯಲ್ಲಿ ಎರಡು ಸಲ ಬಂದರು. ಪುಟಕ್ಕೆ 25 ಎಂಬ ಲೆಕ್ಕ ತಪ್ಪಿತು, ಒಟ್ಟು ಸಂಖ್ಯೆಯೂ ತಪ್ಪಿತು. ಇನ್‌ಕ್ಲೂಡ್ಸ್ ಇದ್ದಾಗ ಈ ತೊಂದರೆ ಇರಲಿಲ್ಲ. ಜಾಯಿನ್ ಮಾಡಿ ಲೋಡ್ ಮಾಡುವಾಗ ಪುಟದ ಮಿತಿ ಇದ್ದರೆ ರೈಲ್ಸ್ ಮೊದಲು ಬೇರೆ ಬೇರೆ ಯೂಸರ್ ಐಡಿಗಳನ್ನಷ್ಟೇ ಆರಿಸಿಕೊಂಡು, ಆಮೇಲೆ ಉಳಿದದ್ದನ್ನು ತರುತ್ತದೆ. ಹಳೆಯ ಕ್ವೆರಿ ಮೇಲ್ನೋಟಕ್ಕೆ ಅಷ್ಟು ಚೆನ್ನಾಗಿ ಕಾಣಿಸಿದ್ದು ಇದರಿಂದಲೂ ಹೌದು.

ಸರಿ, ಒಂದೇ ಥರದ ಸಾಲುಗಳನ್ನು ಒಂದಾಗಿಸುವ ಡಿಸ್ಟಿಂಕ್ಟ್ ಹಾಕೋಣ ಎಂದರು. ಅವರ ಡೇಟಾಬೇಸ್ ಆದ ಪೋಸ್ಟ್‌ಗ್ರೆಸ್ ಒಪ್ಪಲಿಲ್ಲ. ಯೂಸರ್ ಟೇಬಲ್‌ನಲ್ಲಿ ಜೇಸನ್ (JSON) ಮಾದರಿಯ ಒಂದು ಕಾಲಂ ಇತ್ತು. ಎರಡು ಜೇಸನ್ ಮೌಲ್ಯಗಳು ಸಮವೇ ಎಂದು ಹೋಲಿಸುವ ದಾರಿ ಪೋಸ್ಟ್‌ಗ್ರೆಸ್‌ನಲ್ಲಿಲ್ಲ, ಜೇಸನ್‌ಬಿ ಮಾದರಿಗೆ ಮಾತ್ರ ಇದೆ. ಕಾಲಂ ಮಾದರಿ ಬದಲಿಸೋಣ ಎಂದು ಒಬ್ಬರು ಹೇಳಿದರು. ಅಷ್ಟರಲ್ಲಿ ಇನ್ನೊಬ್ಬರಿಗೆ ಹೊಳೆಯಿತು: ಜಾಯಿನ್ ಮಾಡಿ ಸಾಲುಗಳನ್ನು ಹೆಚ್ಚಿಸಿಕೊಂಡು ಆಮೇಲೆ ಡಿಸ್ಟಿಂಕ್ಟ್‌ನಿಂದ ಇಳಿಸುವ ಗೋಜು ಯಾಕೆ? ನಮಗೆ ಬೇಕಿರುವುದು 'ಇಂಥ ರೋಲ್ ಇದೆಯಾ' ಎಂಬ ಹೌದು, ಇಲ್ಲ ಅಷ್ಟೇ ಅಲ್ವಾ?

ಕೊನೆಗೆ ನಿಂತದ್ದು ಇದು. ಅಸೈನ್‌ಮೆಂಟ್ ಟೇಬಲ್‌ನಿಂದ ಬೇಕಾದ ರೋಲ್ ಇರುವವರ ಯೂಸರ್ ಐಡಿಗಳನ್ನು ಒಳಗಿನ ಸಬ್‌ಕ್ವೆರಿಯಲ್ಲಿ ಆರಿಸುವುದು. ಐಡಿ ಅದರಲ್ಲಿ ಇರುವ ಯೂಸರ್‌ಗಳನ್ನು ಹೊರಗಿನ ಕ್ವೆರಿ ತರುವುದು. ಅವರ ಪೂರ್ತಿ ರೋಲ್‌ಗಳನ್ನು ಪ್ರೀಲೋಡ್ ತರುವುದು. ಹುಡುಕುವುದು ಒಂದು ಕಡೆ, ಲೋಡ್ ಮಾಡುವುದು ಇನ್ನೊಂದು ಕಡೆ. ಯಾರೂ ಎರಡು ಸಲ ಬರುವುದಿಲ್ಲ. ಎಡಿಟರ್ ಮತ್ತು ರಿವ್ಯೂವರ್ ಎರಡೂ ಇರುವವರು ಬೇಕಾದರೆ ಇಂಥ ಎರಡು ಷರತ್ತುಗಳನ್ನು ಒಂದರ ಮೇಲೊಂದು ಹಾಕಿದರಾಯಿತು. ಜಾಯಿನ್ ದಾರಿಯಲ್ಲಿ ಅದನ್ನು ಸುಮ್ನೆ ಬರೆದರೆ ಯಾರೂ ಸಿಗುವುದಿಲ್ಲ. ಒಂದೇ ಸಾಲಿನ ರೋಲ್ ಹೆಸರು ಎಡಿಟರ್ ಕೂಡ ರಿವ್ಯೂವರ್ ಕೂಡ ಆಗಿರಲು ಹೇಗೆ ಸಾಧ್ಯ?

ಇದನ್ನು ಯೂಸರ್ ಮಾಡೆಲ್‌ನಲ್ಲಿ 'ಈ ರೋಲ್ ಇರುವವರು' ಎಂಬ ಸ್ಕೋಪ್ (ಹೆಸರಿಟ್ಟು ಮತ್ತೆ ಮತ್ತೆ ಬಳಸುವ ಕ್ವೆರಿ) ಆಗಿ ಬರೆದರು. ಬೇರೆ ಕಡೆ ಯಾರೂ ರೋಲ್ ಟೇಬಲನ್ನು ನೇರವಾಗಿ ವೇರ್‌ನಲ್ಲಿ ಹೆಸರಿಸಬಾರದು ಎಂದು ತಂಡದಲ್ಲಿ ಒಪ್ಪಿಕೊಂಡರು.

ಇಲ್ಲದವರನ್ನು ಹುಡುಕುವುದು

ಅದರ ಜೋಡಿಯಾಗಿ 'ಈ ರೋಲ್ ಇಲ್ಲದವರು' ಎಂಬ ಸ್ಕೋಪ್ ಬೇಕಿತ್ತು. ಮೊದಲಿದ್ದದ್ದು ಜಾಯಿನ್ಸ್ ಹಾಕಿ, ರೋಲ್ ಹೆಸರು ಎಡಿಟರ್ ಅಲ್ಲ ಎನ್ನುವ ಷರತ್ತು. ಅದು ಎರಡು ಕಡೆ ತಪ್ಪುತ್ತದೆ. ಎಡಿಟರ್ ಜೊತೆಗೆ ಬೇರೆ ರೋಲ್ ಇರುವವರು ಆ ಬೇರೆ ರೋಲ್‌ನ ಸಾಲಿನಿಂದಾಗಿ ಪಟ್ಟಿಗೆ ಬಂದುಬಿಡುತ್ತಾರೆ. ಜಾಯಿನ್ಸ್ ಮಾಡುವುದು ಜೋಡಿ ಸಿಗದ ಸಾಲನ್ನು ಬಿಡುವ ಇನ್ನರ್ ಜಾಯಿನ್, ಹಾಗಾಗಿ ಯಾವ ರೋಲೂ ಇಲ್ಲದವರು ಅಲ್ಲೇ ಬಿದ್ದುಹೋಗುತ್ತಾರೆ. ಬೇಡದವರು ಒಳಗೆ, ಬೇಕಾದವರು ಹೊರಗೆ. 2020ರ ಕೊನೆಯಲ್ಲಿ ಬಂದ ರೈಲ್ಸ್ 6.1ರಲ್ಲಿ ಮಿಸ್ಸಿಂಗ್ ಎಂಬ ಸೌಲಭ್ಯವಿದೆ. ಆದರೆ ಅದು ಹುಡುಕುವುದು ಒಂದೂ ರೋಲ್ ಇಲ್ಲದವರನ್ನು. ಇಂಥದ್ದೇ ರೋಲ್ ಇಲ್ಲದವರನ್ನಲ್ಲ.

ಸಬ್‌ಕ್ವೆರಿಯನ್ನೇ ತಿರುಗಿಸಿ, ಐಡಿ ಅದರಲ್ಲಿ ಇಲ್ಲದವರನ್ನು ಕೊಡು ಎಂದು ಬರೆದರು. ಟೆಸ್ಟ್‌ನಲ್ಲಿ ಸರಿ ಬಂತು. ನಿಜವಾದ ಡೇಟಾದ ಪ್ರತಿಯ ಮೇಲೆ ಓಡಿಸಿದರೆ ಒಬ್ಬರೂ ಸಿಗಲಿಲ್ಲ. ಪಟ್ಟಿ ಪೂರ್ತಿ ಖಾಲಿ.

ಕಾರಣ ಡೇಟಾಬೇಸ್ ಭಾಷೆಯಾದ ಎಸ್‌ಕ್ಯೂಎಲ್‌ನ ಹಳೆಯ ಗುಣ. 'ಇದರಲ್ಲಿ ಇಲ್ಲ' ಎಂದು ಕೇಳಿದಾಗ ಒಳಗಿನ ಪಟ್ಟಿಯಲ್ಲಿ ಒಂದೇ ಒಂದು ನಲ್ (ಮೌಲ್ಯವಿಲ್ಲದ ಖಾಲಿ ಜಾಗ) ಇದ್ದರೂ ಸಾಕು. ಆ ನಲ್‌ಗೆ ಸಮವೋ ಅಲ್ಲವೋ ಹೇಳಲಾಗದೆ ಡೇಟಾಬೇಸ್ ಯಾವ ಸಾಲನ್ನೂ ಕೊಡುವುದಿಲ್ಲ. ಖಾತೆ ಅಳಿಸುವ ಯಾವುದೋ ಹಳೆಯ ಸ್ಕ್ರಿಪ್ಟ್, ಅಸೈನ್‌ಮೆಂಟ್ ಸಾಲುಗಳನ್ನು ಅಳಿಸುವ ಬದಲು ಯೂಸರ್ ಐಡಿ ಕಾಲಂ ಮಾತ್ರ ಖಾಲಿ ಮಾಡಿತ್ತು. ಆ ಅನಾಥ ಸಾಲುಗಳನ್ನು ತೆಗೆದರು. ಎರಡೂ ಐಡಿ ಕಾಲಂಗಳಿಗೆ ನಲ್ ಇರಬಾರದು ಎಂಬ ಕಟ್ಟು, ಫಾರಿನ್ ಕೀ (ನಿಜವಾಗಿ ಇರುವ ಯೂಸರ್, ರೋಲ್‌ಗೇ ಸಾಲು ಸೇರಬೇಕು ಎಂಬ ಕಟ್ಟು), ಯೂಸರ್ ಮತ್ತು ರೋಲ್ ಜೋಡಿಗೆ ಯೂನಿಕ್ ಇಂಡೆಕ್ಸ್ (ಒಂದೇ ಜೋಡಿ ಎರಡು ಸಲ ಬರದಂತೆ) ಹಾಕಿದರು. ಇಂಡೆಕ್ಸ್ ಹಾಕುವಾಗ ಒಬ್ಬರಿಗೇ ಒಂದೇ ರೋಲ್ ಎರಡು ಸಲ ಕೊಟ್ಟಿದ್ದ ಸಾಲುಗಳೂ ಹೊರಬಿದ್ದವು. ಹಳೇ ಟೇಬಲ್ ಕೆದಕಿದರೆ ಇಂಥವು ಇದ್ದೇ ಇರುತ್ತವೆ ಬಿಡಿ.

ಉಳಿಸುವ ಕಡೆಯ ವಾದ

ಕ್ವೆರಿ ಸರಿಹೋದ ಮೇಲೆ ಬಟನ್ ಮರಳಿಸೋಣ ಎಂದು ಕೆಲವರು. ಟೆಸ್ಟಿಂಗ್‌ನ ಆ ಹುಡುಗಿ ಒಪ್ಪಲಿಲ್ಲ. ಇಬ್ಬರು ಅಡ್ಮಿನ್‌ಗಳು ಒಂದೇ ಪುಟ ತೆರೆದಿಟ್ಟುಕೊಂಡರೆ, ಒಬ್ಬರು ಕೊಟ್ಟದ್ದನ್ನು ಇನ್ನೊಬ್ಬರ ಹಳೆಯ ಪುಟ ಅಳಿಸುತ್ತದಲ್ಲ ಎಂದು ಕೇಳಿದಳು. ಸರಿಯಾದ ಮಾತು. ತೋರಿಸಿದ್ದು ಪೂರ್ತಿಯಾಗಿದೆ ಎಂಬ ನಂಬಿಕೆಯ ಮೇಲೆ ಪೂರ್ತಿ ಪಟ್ಟಿಯನ್ನು ಬದಲಿಸುವ ರೀತಿಯೇ ಅಪಾಯದ್ದು. ಕ್ವೆರಿ ಅದನ್ನು ಬಯಲಿಗೆ ತಂದಿತು, ಅಷ್ಟೆ.

ಹಿರಿಯ ಡೆವಲಪರ್‌ಗೆ ಇದು ಅತಿಯಾಯಿತು ಎನಿಸಿತ್ತು. ಫಾರ್ಮ್ ಬದಲಿಸಿದರೆ ಕೆಲಸ ಜಾಸ್ತಿ, ಲಾಭ ಕಡಿಮೆ ಎಂಬುದು ಅವರ ವಾದ. ಕೊನೆಗೆ ನಡುವಿನ ದಾರಿ ಹಿಡಿದರು. ಟಿಕ್ ಹಾಕಿದ ಕೂಡಲೇ ಆ ಒಂದು ರೋಲನ್ನು ಮಾತ್ರ ಕೊಡುವ ರಿಕ್ವೆಸ್ಟ್, ತೆಗೆದ ಕೂಡಲೇ ಆ ಒಂದನ್ನು ಮಾತ್ರ ತೆಗೆಯುವ ರಿಕ್ವೆಸ್ಟ್. ಪುಟದ ಕೊನೆಯ ಬಟನ್ ಹೋಯಿತು. ಪುಟದಲ್ಲಿ ಮತ್ತೆ ಏನಾದರೂ ತಪ್ಪಾಗಿ ಕಂಡರೂ, ಮುಟ್ಟದವರ ಡೇಟಾ ಈಗ ಅಲುಗುವುದಿಲ್ಲ. ನನ್ನ ಪ್ರಕಾರ ಎರಡು ತಿದ್ದುಪಡಿಗಳಲ್ಲಿ ಒಂದನ್ನೇ ಮಾಡಬಹುದು ಎಂದಿದ್ದರೆ ಇದನ್ನೇ ಮಾಡಬೇಕಿತ್ತು.

ಸಸ್ಪೆಂಡೆಡ್ ಎಂಬುದು ರೋಲ್ ಆಗಿರಬಾರದು ಎಂದೂ ತೀರ್ಮಾನವಾಯಿತು. ರೋಲ್ ಆಧಾರಿತ ಅಧಿಕಾರದ ಬಗ್ಗೆ ಡೇವಿಡ್ ಫೆರಾಯೊಲೊ ಮತ್ತು ರಿಚರ್ಡ್ ಕುನ್ 1992ರಲ್ಲಿ ಬರೆದಾಗಲೇ, ರೋಲ್ ಎಂದರೆ ಒಬ್ಬರು ಮಾಡಬಹುದಾದ ಕೆಲಸಗಳ ಗುಂಪು ಎಂದು ಹೇಳಿದ್ದರು. ಮಾಡಬಾರದು ಎನ್ನುವುದನ್ನು ಅದೇ ಚೀಲಕ್ಕೆ ತುಂಬಿದರೆ ಲೆಕ್ಕ ತಲೆಕೆಳಗಾಗುತ್ತದೆ. ರೋಲ್ ಕಳೆದುಹೋದರೆ ಅಧಿಕಾರ ಕಡಿಮೆಯಾಗಬೇಕು. ಇಲ್ಲಿ ಜಾಸ್ತಿಯಾಗುತ್ತಿತ್ತು. ಯೂಸರ್ ಟೇಬಲ್‌ನಲ್ಲೇ ಖಾತೆಯ ಸ್ಥಿತಿ ಎಂಬ ಕಾಲಂ ಮಾಡಿ ಅಲ್ಲಿಗೆ ಸಾಗಿಸಿದರು.

ಬೇರೆ ಫ್ರೇಮ್‌ವರ್ಕ್‌ಗಳಲ್ಲಿ

ಲಾರವೆಲ್‌ನಲ್ಲಿ ಹುಡುಕಲು ವೇರ್‌ಹ್ಯಾಸ್, ಲೋಡ್ ಮಾಡಲು ವಿತ್ ಎಂದು ಎರಡೂ ಬೇರೆ ಬೇರೆ ಇವೆ. ವಿತ್ ಒಳಗೆ ಷರತ್ತು ಹಾಕಿದರೆ ಮಾತ್ರ ಸಂಬಂಧ ಸೋಸಿಹೋಗುತ್ತದೆ. ಸೀಕ್ವಲೈಜ್‌ನಲ್ಲಿ ಇನ್‌ಕ್ಲೂಡ್ ಒಳಗೆ ವೇರ್ ಹಾಕಿದರೆ ರೈಲ್ಸ್‌ನ ಈ ಪ್ರಕರಣದಂತೆಯೇ ಎರಡೂ ಒಟ್ಟಿಗೆ ನಡೆಯುತ್ತವೆ. ಜಾಂಗೋದಲ್ಲಿ ಫಿಲ್ಟರ್ ಹಾಕಿದರೂ ಪ್ರೀಫೆಚ್ ರಿಲೇಟೆಡ್ ಪೂರ್ತಿ ತರುತ್ತದೆ. ಆದರೆ ಅಲ್ಲಿ ಬೇರೊಂದು ಗುಂಡಿ ಇದೆ. ಎರಡು ಷರತ್ತುಗಳನ್ನು ಒಂದೇ ಫಿಲ್ಟರ್‌ನಲ್ಲಿ ಹಾಕಿದರೆ ಅವು ಒಂದೇ ರೋಲ್ ಸಾಲಿಗೆ ಅನ್ವಯಿಸುತ್ತವೆ. ಎರಡು ಫಿಲ್ಟರ್ ಮಾಡಿ ಸರಪಣಿ ಹಾಕಿದರೆ ಬೇರೆ ಬೇರೆ ಸಾಲಿಗೂ ಅನ್ವಯಿಸಬಹುದು. ಯಾವುದನ್ನು ಬಳಸಿದರೂ ಹುಟ್ಟಿದ ಎಸ್‌ಕ್ಯೂಎಲನ್ನು ಒಮ್ಮೆ ಕಣ್ಣಾರೆ ಓದುವುದು ಒಳ್ಳೆಯದು.

ಉಳಿದ ಸ್ವಲ್ಪ

ಟೆಸ್ಟ್ ಡೇಟಾ ಬದಲಾಯಿತು. ಈಗ ಅಲ್ಲಿ ಮೂರು ರೋಲ್ ಇರುವವರು, ಒಂದೂ ಇಲ್ಲದವರು, ಒಂದೇ ಇರುವವರು ಮೂವರೂ ಇದ್ದಾರೆ. ಎಡಿಟರ್ ಎಂದು ಸೋಸಿದ ಮೇಲೂ ಮೂರು ರೋಲ್ ಇರುವವರಿಗೆ ಮೂರೂ ಕಾಣಬೇಕು ಎಂಬ ಟೆಸ್ಟ್ ಇದೆ. ರೋಲ್ ತೆಗೆದರೆ ಆಡಿಟ್ ಲಾಗ್‌ನಲ್ಲಿ ಸಾಲು ಬರಬೇಕು ಎಂಬ ಟೆಸ್ಟ್ ಕೂಡ. ಸಂಬಂಧಕ್ಕೆ ಡಿಪೆಂಡೆಂಟ್ ಡಿಸ್ಟ್ರಾಯ್ ಹಾಕುವ ಮುಂಚೆ ಅದನ್ನು ಬರೆದು, ಬಿದ್ದದ್ದನ್ನು ನೋಡಿಯೇ ಮುಂದೆ ಹೋದರು.

ಇನ್‌ಕ್ಲೂಡ್ಸ್ ಮೇಲೆ ವೇರ್ ಹಾಕಿದ ಜಾಗಗಳನ್ನು ಇಡೀ ಕೋಡ್‌ನಲ್ಲಿ ಹುಡುಕಿದಾಗ ಇನ್ನೊಂದು ಸಿಕ್ಕಿತು. ಎಡಿಟರ್‌ಗಳು ಮತ್ತು ಅವರಿಗೆ ಆ ರೋಲ್ ಯಾವಾಗ ಸಿಕ್ಕಿತು ಎಂದು ತೋರಿಸುವ ವರದಿ ಅದು. ಅಲ್ಲಿ ಸೋಸಿದ ಪಟ್ಟಿಯೇ ಬೇಕಿತ್ತು. ತಪ್ಪು ಉತ್ತರ ಬರುತ್ತಿರಲಿಲ್ಲ. ಹಾಗೇ ಬಿಡೋಣ ಎಂದರು ಕೆಲವರು. ಬಿಡಲಿಲ್ಲ. ನಾಳೆ ಯಾರಾದರೂ ಅದೇ ಕ್ವೆರಿಯನ್ನು ಬೇರೆ ಪುಟಕ್ಕೆ ನಕಲು ಮಾಡಿದರೆ ಅದೇ ತೊಂದರೆ ಮರಳುತ್ತದೆ. ವರದಿಯ ಪ್ರತಿ ಸಾಲೂ ಒಂದು ಅಸೈನ್‌ಮೆಂಟ್, ಯೂಸರ್ ಅಲ್ಲ. ಹಾಗಾಗಿ ಕ್ವೆರಿಯನ್ನು ಅಸೈನ್‌ಮೆಂಟ್ ಮಾಡೆಲ್‌ನಿಂದ ಶುರುಮಾಡಿ, ಪ್ರತಿ ಸಾಲಿಗೆ ಯೂಸರನ್ನು ಪ್ರೀಲೋಡ್ ಮಾಡಿ ಬರೆದರು. ಕೋಡ್ ಮೊದಲಿಗಿಂತ ಚಿಕ್ಕದಾಯಿತು.